ಬಂಡೆಯೇರುವ ಪುಟ್ಟ ಜೀಪಿಗೆ ಮೈ ಕಟ್ಟುವವರು

ರೇಡಿಯೊ ನಿಯಂತ್ರಿತ ಕ್ರಾಲರ್ ಬಂಡೆ ಹತ್ತಲು ಬೇಕಾದದ್ದು ಗಟ್ಟಿ ಚಾಸಿ, ಮೋಟರು, ಗೇರು ಮತ್ತು ಮೆತ್ತನೆಯ ಟೈರು. ಮೇಲಿನ ಬಾಡಿ ಈ ಪಟ್ಟಿಯಲ್ಲಿ ಇಲ್ಲ. ಅದನ್ನು ಕಳಚಿಟ್ಟರೆ ಗಾಡಿ ಇನ್ನೂ ಸಲೀಸಾಗಿ ಹತ್ತುತ್ತದೆ. ಆದರೂ ಈ ಹವ್ಯಾಸದವರು ನಿದ್ದೆಗೆಟ್ಟು ಕೂರುವುದು ಆ ಬಾಡಿಯ ಮುಂದೆಯೇ. ಬಾನೆಟ್ಟಿನ ಬಣ್ಣ ಬಿಸಿಲಿಗೆ ಮಾಸಿದಂತೆ ಕಾಣಬೇಕು, ಬಾಗಿಲ ತಳದಲ್ಲಿ ತುಕ್ಕು ಹತ್ತಿರಬೇಕು, ಮೇಲಿನ ರ‍್ಯಾಕಿನಲ್ಲಿ ಬೆರಳುದ್ದದ ಡೀಸೆಲ್ ಕ್ಯಾನು ನಿಂತಿರಬೇಕು. ಏರುವುದಕ್ಕೆ ಅಡ್ಡಿಯಾಗುವ ಭಾಗದ ಮೇಲೆಯೇ ಇಷ್ಟೆಲ್ಲ ಮುದ್ದು.

ಕ್ರಾಲರ್ ವೇಗದ ಆಟಿಕೆಯಲ್ಲ. ಅದು ಹೋಗುವುದು ಮನುಷ್ಯನ ನಡಿಗೆಯ ವೇಗದಲ್ಲಿ, ಎಷ್ಟೋ ಸಲ ಅದಕ್ಕಿಂತ ನಿಧಾನವಾಗಿ. ಮೋಟರಿನ ರಭಸವನ್ನು ಗೇರುಗಳು ತಗ್ಗಿಸಿ ಎಳೆಯುವ ಬಲವಾಗಿ ಬದಲಿಸುತ್ತವೆ. ಡಿಫರೆನ್ಷಿಯಲ್ ಲಾಕ್ ಆಗಿರುವುದರಿಂದ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ನೆಲ ಕಚ್ಚಿರುವ ಉಳಿದ ಚಕ್ರಗಳು ಗಾಡಿಯನ್ನು ಎಳೆದೊಯ್ಯುತ್ತವೆ. ಇದೇ ಯಂತ್ರ ನಿಜವಾದ ಜೀಪೊಂದರ ಪಡಿಯಚ್ಚಿನಂತೆ ಕಾಣಬೇಕು ಎಂಬ ಹಟ ಸೇರಿದಾಗ ಅದು 'ಸ್ಕೇಲ್ ಕ್ರಾಲರ್'.

ಕಲ್ಲುದಾರಿಯ ತವರು

ಈ ಆಟಕ್ಕೆ ಮಾದರಿಯಾದದ್ದು ಅಮೆರಿಕದ ಪಶ್ಚಿಮ ಭಾಗದ ಕಲ್ಲುದಾರಿಗಳು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ರೂಬಿಕಾನ್ ಟ್ರೇಲ್, 1967ರಿಂದ ಈಸ್ಟರ್ ಜೀಪ್ ಸಫಾರಿ ನಡೆಯುತ್ತಿರುವ ಯೂಟಾದ ಮೋಆಬ್ ಊರಿನ ಕೆಂಪು ಬಂಡೆಗಳು, ಇವೆಲ್ಲ ಜೀಪಿನವರಿಗೆ ಪುಣ್ಯಕ್ಷೇತ್ರ. ಪುಟ್ಟ ಗಾತ್ರದಲ್ಲಿ ಇಂಥ ವಾಹನಗಳಿಗೆ ಮೊದಲು ಹದ ತಂದವರಲ್ಲಿ ಜಪಾನಿನ ತಮಿಯಾ ಕಂಪನಿ ಮುಖ್ಯವಾದದ್ದು. 1981ರಲ್ಲಿ ಅದು ಟೊಯೊಟಾ ಪಿಕಪ್ಪಿನ ಮಾದರಿ ತಂದಿತು. 1985ರ 'ಬ್ರೂಸರ್' ಗಾಡಿಗೆ ನಿಜವಾದ ಲೀಫ್ ಸ್ಪ್ರಿಂಗು, ಗಟ್ಟಿ ಪ್ಲಾಸ್ಟಿಕ್ ಬಾಡಿ, ರಿಮೋಟಿನಿಂದಲೇ ಬದಲಿಸಬಹುದಾದ ಮೂರು ಗೇರುಗಳಿದ್ದವು.

ಹವ್ಯಾಸ ಮನೆಮನೆಗೆ ಹಬ್ಬಿದ್ದು ಕ್ಯಾಲಿಫೋರ್ನಿಯಾದ ಆಕ್ಸಿಯಲ್ ಕಂಪನಿ 2009ರಲ್ಲಿ 'ಎಸ್‌ಸಿಎಕ್ಸ್10' ಬಿಡುಗಡೆ ಮಾಡಿದ ಮೇಲೆ. 2017ರಲ್ಲಿ ಟೆಕ್ಸಸ್‌ನ ಟ್ರಾಕ್ಸಸ್ ಕಂಪನಿ ಲ್ಯಾಂಡ್‌ ರೋವರ್ ಡಿಫೆಂಡರ್ ಬಾಡಿ ಹೊತ್ತ 'ಟಿಆರ್‌ಎಕ್ಸ್-4' ತಂದಿತು. ಅದರಲ್ಲಿ ಚಕ್ರದ ಬಳಿಯ ಗೇರುಗಳು ಆಕ್ಸಲನ್ನು ಚಕ್ರದ ನಡುವಿಗಿಂತ ಮೇಲಕ್ಕೆ ಎತ್ತಿ ಹಿಡಿಯುತ್ತವೆ, ಅಡಿಯಲ್ಲಿ ಕಲ್ಲು ತಾಗುವುದು ಕಡಿಮೆ. ಒಳ್ಳೆಯ ಚಾಸಿ ಹೀಗೆ ಅಂಗಡಿಯಲ್ಲೇ ಸಿಗತೊಡಗಿದಾಗ ಎಲ್ಲರ ಗಾಡಿಯೂ ಹೆಚ್ಚುಕಡಿಮೆ ಒಂದೇ ಆಯಿತು. ನನ್ನದು ಬೇರೆ ಎನ್ನಲು ಉಳಿದದ್ದು ಬಾಡಿ.

ಒಳಗಿನಿಂದ ಬಣ್ಣ

ಬಾಡಿಗಳಲ್ಲಿ ಎರಡು ಕುಲ. ಮೊದಲನೆಯದು ಪಾಲಿಕಾರ್ಬೊನೇಟ್, ಹವ್ಯಾಸಿಗಳ ಬಾಯಲ್ಲಿ 'ಲೆಕ್ಸಾನ್'. 1953ರಲ್ಲಿ ಜರ್ಮನಿಯ ಬೇಯರ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳ ವಿಜ್ಞಾನಿಗಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಕೊಂಡ ಪ್ಲಾಸ್ಟಿಕ್ ಇದು. ಪಾರದರ್ಶಕ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಹೀರಿದರೆ ಜೀಪಿನ ಆಕಾರ ಮೂಡುತ್ತದೆ. ತೂಕ ಬಹಳ ಕಡಿಮೆ. ಬಂಡೆಯಿಂದ ಉರುಳಿದರೆ ಒಳಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ಇದಕ್ಕೆ ಬಣ್ಣ ಹಚ್ಚುವುದು ಒಳಮೈಗೆ. ಹೊರಗೆ ಗೀರು ಬಿದ್ದರೂ ಬಣ್ಣಕ್ಕೆ ತಾಗುವುದಿಲ್ಲ. ಆದರೆ ಕೆಲಸದ ಕ್ರಮವೆಲ್ಲ ತಲೆಕೆಳಗು. ಮೈಸೂರು, ತಂಜಾವೂರುಗಳ ಹಳೆಯ ಗಾಜಿನ ಚಿತ್ರಗಳಲ್ಲಿ ದೇವರ ಆಭರಣ ಮೊದಲು ಬರೆದು ಹಿನ್ನೆಲೆಯನ್ನು ಕೊನೆಗೆ ತುಂಬುತ್ತಿದ್ದಂತೆ, ಇಲ್ಲೂ ಪಟ್ಟೆ, ಅಂಚು, ದೀಪದ ಸುತ್ತಿನ ಕಪ್ಪು ಮೊದಲು, ಮುಖ್ಯ ಬಣ್ಣ ಆಮೇಲೆ. ಮೊದಲಿಗೆ ಅಚ್ಚಿನ ಜಿಡ್ಡು ಹೋಗುವಂತೆ ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು. ಕಿಟಕಿಗಳಿಗೆ ಒಳಗಿನಿಂದ ಮಾಸ್ಕ್ ಅಂಟಿಸಬೇಕು. ಬಣ್ಣವೂ ಪಾಲಿಕಾರ್ಬೊನೇಟ್‌ಗೆಂದೇ ತಯಾರಾದದ್ದಾಗಿರಬೇಕು. ತಮಿಯಾದ ಪಿಎಸ್ ಸರಣಿ ಅಂಥದು. ಸಾಮಾನ್ಯ ಸ್ಪ್ರೇ ಹೊಡೆದರೆ ಬಾಡಿ ಬಾಗಿದ ಮೊದಲ ಸಲವೇ ಹಪ್ಪಳವಾಗಿ ಉದುರುತ್ತದೆ. ತೆಳು ಪದರಗಳಲ್ಲಿ ಹೊಡೆದ ಬಣ್ಣದ ಹಿಂದೆ ಬಿಳಿ ಬಳಿದರೆ ಅದು ಹೊಳೆಯುತ್ತದೆ, ಕಪ್ಪು ಬಳಿದರೆ ಮಂಕಾಗುತ್ತದೆ. ಬೇಕಾದ ಛಾಯೆಯನ್ನು ಈ ಕೊನೆಯ ಪದರದಿಂದಲೇ ಹೊಂದಿಸಿಕೊಳ್ಳುವ ಜಾಣರಿದ್ದಾರೆ. ಎಲ್ಲ ಮುಗಿದು ಹೊರಮೈಯ ರಕ್ಷಣಾ ಪೊರೆ ಸುಲಿಯುವವರೆಗೂ ಕೆಲಸ ಹೇಗಾಗಿದೆಯೆಂದು ಪೂರ್ತಿ ಗೊತ್ತಾಗುವುದಿಲ್ಲ.

ಕತ್ತರಿಸುವುದು ಇನ್ನೊಂದು ಪರೀಕ್ಷೆ. ನೇರ ಗೆರೆಗಳಲ್ಲಿ ಚಾಕುವಿನಿಂದ ಗೀರಿ ಮಡಚಿದರೆ ತುಂಡು ತಾನಾಗಿ ಬಿಟ್ಟುಕೊಳ್ಳುತ್ತದೆ. ಚಕ್ರದ ಕಮಾನಿಗೆ ಬಾಗಿದ ಕತ್ತರಿ ಬೇಕು. ಸಸ್ಪೆನ್ಷನ್ ಪೂರ್ತಿ ತಿರುಚಿ, ಸ್ಟೀರಿಂಗ್ ಪೂರ್ತಿ ಎಳೆದಾಗಲೂ ಟೈರು ಬಾಡಿಗೆ ಉಜ್ಜಬಾರದು. ಆದ್ದರಿಂದ ಸ್ವಲ್ಪ ಕತ್ತರಿಸುವುದು, ಕೂರಿಸಿ ತಿರುಚಿ ನೋಡುವುದು, ಮತ್ತೆ ಸ್ವಲ್ಪ ಕತ್ತರಿಸುವುದು. ಒಮ್ಮೆ ಹೆಚ್ಚು ಕತ್ತರಿಸಿದರೆ ಮರಳಿ ಅಂಟಿಸುವ ದಾರಿಯಿಲ್ಲ. ಬಿರುಕು ಬಿಡುವ ಮೂಲೆಗಳ ಒಳಗೆ ಜಾಲರಿ ಟೇಪು ಹಾಸಿ, ಬೂಟು ರಿಪೇರಿಗೆ ಬಳಸುವ ರಬ್ಬರಿನಂಥ ಅಂಟು ಸವರುತ್ತಾರೆ.

ಗಟ್ಟಿ ಬಾಡಿಯ ಹುಚ್ಚು

ಲೆಕ್ಸಾನಿನ ಕೊರತೆ ಒಂದೇ: ಹತ್ತಿರದಿಂದ ನೋಡಿದರೆ ಮೋಸ ಬಯಲಾಗುತ್ತದೆ. ಅಂಚುಗಳು ಮೊಂಡು, ದೀಪಗಳು ಬಹುಪಾಲು ಸ್ಟಿಕ್ಕರು, ಬಾಗಿಲ ಸಂದು ಬರೀ ಗೆರೆ. ಹಾಗಾಗಿ ಪಳಗಿದವರು ಎಬಿಎಸ್ ಪ್ಲಾಸ್ಟಿಕ್ಕಿನ ಗಟ್ಟಿ ಬಾಡಿಗೆ ಹೋಗುತ್ತಾರೆ. ಅದರಲ್ಲಿ ಗ್ರಿಲ್, ಕನ್ನಡಿ, ವೈಪರ್, ಬಾಗಿಲ ಹಿಡಿ ಎಲ್ಲ ಬಿಡಿಬಿಡಿ. ಬಣ್ಣ ಹೊರಮೈಗೆ.

ಇಲ್ಲಿ ಗರಗಸಕ್ಕೂ ಕೆಲಸ ಬರುತ್ತದೆ. ಪಿಕಪ್ಪಿನ ಹಿಂಭಾಗ ಕತ್ತರಿಸಿ ಮೊಟಕು ಮಾಡುವವರಿದ್ದಾರೆ. ಮೇಲ್ಛಾವಣಿ ತೆಗೆದು ಹಿತ್ತಾಳೆ ಕಡ್ಡಿಗಳನ್ನು ಬೆಸೆದು ರೋಲ್ ಕೇಜ್ ಕೂರಿಸುವವರಿದ್ದಾರೆ. ಬಿಟ್ಟುಹೋದ ಜಾಗ ತುಂಬಲು ಸ್ಟೈರೀನ್ ಹಾಳೆ; ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುವ ದ್ರವದ ಅಂಟು. ಈ ಕೊಯ್ತಕ್ಕೆ ಕಾರಣ ಅಲಂಕಾರ ಮಾತ್ರವಲ್ಲ. ಪೆಟ್ಟಿಗೆಯ ಮೇಲೆ '1:10' ಎಂದು ಬರೆದಿದ್ದರೂ ಅಳತೆ ಹಿಡಿದರೆ ಕತೆ ಬೇರೆ. ನಿಜವಾದ ಡಿಫೆಂಡರ್ 110ರ ಮುಂದಿನ, ಹಿಂದಿನ ಚಕ್ರಗಳ ನಡುವೆ 2,794 ಮಿಲಿಮೀಟರ್ ಅಂತರ. ಹತ್ತನೇ ಒಂದು ಎಂದರೆ ಸುಮಾರು 279. ಟಿಆರ್‌ಎಕ್ಸ್-4ರಲ್ಲಿ ಅದು 324. ಲೆಕ್ಕ ಹಾಕಿದರೆ ಅದು ಎಂಟೂವರೆಯಲ್ಲಿ ಒಂದರಷ್ಟು ದೊಡ್ಡದು. ಒಂದು ಕಂಪನಿಯ ಬಾಡಿಯನ್ನು ಇನ್ನೊಂದರ ಚಾಸಿಗೆ ಕೂರಿಸಹೊರಟವರಿಗೆ ಈ ನಾಲ್ಕಾರು ಸೆಂಟಿಮೀಟರುಗಳೇ ಇಡೀ ವಾರದ ಕೆಲಸ.

ಬಣ್ಣ ಒಣಗಿದ ಮೇಲೆ ಅದನ್ನು ಹಾಳುಮಾಡುವ ಹಂತ. ಇದಕ್ಕೆ 'ವೆದರಿಂಗ್' ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಉಪಾಯಕ್ಕೆ ಬೇಕಾದದ್ದು ಕೂದಲಿಗೆ ಹಾಕುವ ಹೇರ್‌ಸ್ಪ್ರೇ. ಮೊದಲು ತುಕ್ಕಿನ ಕಂದು ಬಳಿದು ವಾರ್ನಿಶ್ ಕೊಟ್ಟು ಒಣಗಿಸಬೇಕು. ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣ. ಅದು ಪೂರ್ತಿ ಗಟ್ಟಿಯಾಗುವ ಮುನ್ನ ಒದ್ದೆ ಕುಂಚದಿಂದ ಉಜ್ಜಿದರೆ ನಡುವಿನ ಹೇರ್‌ಸ್ಪ್ರೇ ಕರಗಿ, ಮೇಲಿನ ಬಣ್ಣ ಚಕ್ಕೆ ಏಳುತ್ತದೆ. ಅಡಿಯಿಂದ ತುಕ್ಕು ಇಣುಕುತ್ತದೆ. ಗಾತ್ರದ ವಿವೇಕ ಇಲ್ಲಿ ಬೇಕೇಬೇಕು: ಹತ್ತರಲ್ಲೊಂದು ಜೀಪಿನ ಮೇಲೆ ಅರ್ಧ ಸೆಂಟಿಮೀಟರಿನ ಚಕ್ಕೆ ಎದ್ದರೆ ನಿಜದ ಜೀಪಿನಲ್ಲಿ ಅದು ಐದು ಸೆಂಟಿಮೀಟರಿನ ಗಾಯ.

ತಂತ್ರ ಯಾರಿಗೂ ಬಂದೀತು. ತುಕ್ಕು ಎಲ್ಲಿರಬೇಕು ಎಂಬುದು ಕಷ್ಟ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವಂಥ ಹಳೆಯ ಜೀಪುಗಳನ್ನು ಗಮನಿಸಿದವರಿಗೆ ಇದು ಗೊತ್ತು. ನೀರು ನಿಲ್ಲುವ ಮಡಿಕೆಗಳಲ್ಲಿ, ಬಾಗಿಲ ತಳದಲ್ಲಿ ತುಕ್ಕು ಹಿಡಿಯುತ್ತದೆ. ಕೈ ತಾಗಿ ತಾಗಿ ಹಿಡಿಯ ಸುತ್ತ ಬಣ್ಣ ಸವೆಯುತ್ತದೆ. ಬಿಸಿಲು ಮಾಸಿಸುವುದು ಆಕಾಶ ನೋಡುವ ಬಾನೆಟ್ಟನ್ನು, ಪಕ್ಕದ ಬಾಗಿಲನ್ನಲ್ಲ. ಕೆಸರು ಚಿಮ್ಮುವುದು ಚಕ್ರದ ಹಿಂದಕ್ಕೆ. ಕಾರಣವಿಲ್ಲದ ಕಡೆ ಹಚ್ಚಿದ ತುಕ್ಕನ್ನು ಜೀಪು ಓಡಿಸಿದ ಯಾರಾದರೂ ಮೊದಲ ನೋಟಕ್ಕೇ ಹಿಡಿದುಬಿಡುತ್ತಾರೆ.

ಅಂದಕ್ಕೆ ತೆರುವ ಬೆಲೆ

ಗಟ್ಟಿ ಬಾಡಿ, ರ‍್ಯಾಕು, ಸ್ಟೆಪ್ನಿ, ಎಲ್‌ಇಡಿ ದೀಪ, ಪುಟ್ಟ ಚಾಲಕನ ಬೊಂಬೆ, ಒಂದೊಂದೂ ಗಾಡಿಯ ಗುರುತ್ವಕೇಂದ್ರವನ್ನು ಮೇಲಕ್ಕೆ ಎಳೆಯುತ್ತದೆ. ಓರೆ ಇಳಿಜಾರಿನಲ್ಲಿ ಅಂಥ ಗಾಡಿ ಬೇಗ ಮಗುಚುತ್ತದೆ. ಪರಿಹಾರವೆಂದು ಆಕ್ಸಲ್ಲಿಗೂ ಚಕ್ರಗಳ ಒಳಗೂ ಹಿತ್ತಾಳೆಯ ತೂಕ ಸೇರಿಸುತ್ತಾರೆ. ಮೇಲೆ ನೂರು ಗ್ರಾಂ ಏರಿಸಿದವರು ಕೆಳಗೆ ಅದಕ್ಕಿಂತ ಹೆಚ್ಚು ಇಳಿಸಬೇಕು. ಆ ಭಾರ ಮತ್ತೆ ಮೋಟರಿನ ಮೇಲೆ.

ಕೆಳಗಿನ ಈ ತೂಕದಿಂದ ಒಂದು ಲಾಭವೂ ಉಂಟು. ವಾಹನ ಕುಗ್ಗಿದರೂ ಭೂಮಿಯ ಸೆಳೆತ ಕುಗ್ಗುವುದಿಲ್ಲ. 10 ಮೀಟರ್ ಎತ್ತರದಿಂದ ಬೀಳಲು ಸುಮಾರು 1.4 ಸೆಕೆಂಡ್ ಬೇಕು, 1 ಮೀಟರಿನಿಂದ ಬೀಳಲು 0.45 ಸೆಕೆಂಡ್ ಸಾಕು. ಆದ್ದರಿಂದ ಹತ್ತರಲ್ಲೊಂದು ಗಾಡಿಯ ಕುಲುಕಾಟ ನಿಜದ್ದಕ್ಕಿಂತ ಮೂರು ಪಟ್ಟು ಚುರುಕು. ಎಷ್ಟೇ ಚೆಂದದ ತುಕ್ಕು ಬಳಿದಿದ್ದರೂ ಆ ಚುರುಕು ಆಟಿಕೆಯೆಂದು ಸಾರಿಬಿಡುತ್ತದೆ. ಕೆಳಗೆ ಸೇರಿಸಿದ ತೂಕ, ಮೆತ್ತನೆಯ ಸ್ಪ್ರಿಂಗು, ದಪ್ಪ ಎಣ್ಣೆಯ ಶಾಕ್ ಅಬ್ಸಾರ್ಬರ್ ಸೇರಿ ಆ ಕುಲುಕಾಟವನ್ನು ಪಳಗಿಸುತ್ತವೆ. ವಿಡಿಯೊ ಮಾಡುವವರು ವೇಗ ತಗ್ಗಿಸಿ ತೋರಿಸುವುದೂ ಇದೇ ಕಾರಣಕ್ಕೆ.

ಅಂದಕ್ಕೂ ಏರುವ ಶಕ್ತಿಗೂ ನಡುವಿನ ಈ ಜಗಳವನ್ನು ಸ್ಪರ್ಧೆಗಳು ನಿಯಮದಿಂದಲೇ ಬಗೆಹರಿಸಿಕೊಂಡಿವೆ. ನೆಟ್ಟ ಗೇಟುಗಳಿಗೆ ತಾಗಿದರೆ, ಮಗುಚಿದರೆ ದಂಡದ ಅಂಕ. ಹಲವೆಡೆ ಗಾಡಿಯ ಮೇಲಿನ ಚಾಲಕ, ಒಳಾಂಗಣ, ಸ್ಟೆಪ್ನಿ, ವಿಂಚುಗಳಿಗೆ ಲಾಭದ ಅಂಕವೂ ಉಂಟು. ಬರೀ ಚಾಸಿಯನ್ನು ಓಡಿಸಿ ಗೆಲ್ಲುವ ಆಸೆಗೆ ಅಲ್ಲಿಗೆ ತೆರೆ.

ಶುರುಮಾಡುವವರಿಗೆ

ನಮ್ಮಲ್ಲಿ ಒಳ್ಳೆಯ ಚಾಸಿ, ಬಾಡಿಗಳು ಬಹುಪಾಲು ಹೊರದೇಶದಿಂದ ಬರಬೇಕು, ದುಬಾರಿ. ಅದಕ್ಕೇ ಬಿಡಿಭಾಗಗಳಿಗೆ ಥ್ರೀಡಿ ಪ್ರಿಂಟಿಂಗ್ ಆಸರೆಯಾಗುತ್ತದೆ. ಒಂದು ಎಚ್ಚರಿಕೆ: ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ಬಂಪರು ಸೊಟ್ಟಗಾದೀತು. ಮಾದರಿಗೇನೂ ಬರವಿಲ್ಲ. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಅಂದಿನಿಂದ ಜೀಪು ನಮ್ಮ ತೋಟ, ಘಟ್ಟಗಳ ಪರಿಚಿತ ಮುಖ.

ಜಾಗ, ದುಡ್ಡು ಎರಡೂ ಕಡಿಮೆಯಿದ್ದರೆ ಅಂಗೈ ಮೇಲೆ ಕೂರುವ 1:24 ಗಾತ್ರದ ಆಕ್ಸಿಯಲ್ ಎಸ್‌ಸಿಎಕ್ಸ್24 ಅಥವಾ 1:18ರ ಟಿಆರ್‌ಎಕ್ಸ್-4ಎಂ ಸಾಕು. ಪುಸ್ತಕಗಳ ರಾಶಿಯೇ ಬೆಟ್ಟವಾಗುತ್ತದೆ. ಕಪಾಟಿನಿಂದ ಇಳಿಯದ ಸುಂದರಿಗಳನ್ನು ಹವ್ಯಾಸಿಗಳು 'ಷೆಲ್ಫ್ ಕ್ವೀನ್' ಎಂದು ಛೇಡಿಸುತ್ತಾರೆ. ಮೊದಲ ಬಾಡಿಗೆ ಆ ಪಟ್ಟ ಬೇಡ. ಅದಕ್ಕೊಂದು ಸಾದಾ ಬಣ್ಣ ಹೊಡೆದು ಕಲ್ಲಿಗೆ ಬಿಡಿ. ಹತ್ತಲಿ, ಉರುಳಲಿ, ಗೀರಲಿ. ಯಾವ ಮೂಲೆ ಮೊದಲು ಸವೆಯಿತು, ಯಾವ ಪಕ್ಕ ನೆಲಕ್ಕೆ ಬಡಿಯಿತು ಎಂದು ನೋಡಿಟ್ಟುಕೊಂಡರೆ, ಎರಡನೆಯ ಬಾಡಿಯ ಮೇಲೆ ತುಕ್ಕು ಎಲ್ಲಿಡಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.