ತೇವದ ನೆಲಮಾಳಿಗೆಗೆ ಯಾವ ನೆಲಹಾಸು? – ವಿಜ್ಞಾನ ಬೋಧನೆಗೆ ಒಂದು ನೈಜ ಸಮಸ್ಯೆ

ಲೋಮನಾಳ ಕ್ರಿಯೆ ಮತ್ತು ಸಾಂದ್ರೀಕರಣ ಎಂಬ ಎರಡು ಕಲಿಕಾಂಶಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಲ್ಲಿ ಬೋಧಿಸುತ್ತೇವೆ. ಇವೆರಡೂ ಒಟ್ಟಿಗೆ ಕಾಣಸಿಗುವ ಜಾಗ ಕಟ್ಟಡದ ನೆಲಮಾಳಿಗೆ. ಸ್ಥಳದ ಅಭಾವವಿರುವ ಶಾಲೆಯಲ್ಲಿ ಇದೇ ಗ್ರಂಥಾಲಯವೋ ಚಟುವಟಿಕೆ ಕೊಠಡಿಯೋ ಆಗಬಹುದು. ಅಲ್ಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ. ನೆಲಹಾಸಿನ ಆಯ್ಕೆ ತಪ್ಪಿದರೆ ಹಣದ ಜೊತೆಗೆ ಮಕ್ಕಳ ಆರೋಗ್ಯವೂ ಕೆಡುತ್ತದೆ. ಬೂಷ್ಟಿನ ಗಾಳಿ ಉಬ್ಬಸ ಇರುವವರಿಗೆ ಬಹಳ ತೊಂದರೆ ಕೊಡುತ್ತದೆ.

ಆದ್ದರಿಂದ ‘ಯಾವ ನೆಲಹಾಸು ಒಳ್ಳೆಯದು?’ ಎಂದು ಕೇಳುವ ಮೊದಲು ‘ನೀರು ಎಲ್ಲಿಂದ ಬರುತ್ತಿದೆ?’ ಎಂದು ಕೇಳಬೇಕು.

ತೇವದ ಮೂರು ಮೂಲಗಳು

1. ಮಣ್ಣಿನಿಂದ ಏರುವ ತೇವ: ಕಾಂಕ್ರೀಟು, ಇಟ್ಟಿಗೆ, ಗಾರೆಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. 1 ಮಿ.ಮೀ. ವ್ಯಾಸದ ಗಾಜಿನ ನಾಳದಲ್ಲಿ ನೀರು ಸುಮಾರು 3 ಸೆಂ.ಮೀ. ಏರಿದರೆ, 0.1 ಮಿ.ಮೀ. ನಾಳದಲ್ಲಿ ಸುಮಾರು 30 ಸೆಂ.ಮೀ. ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು.

2. ಗಾಳಿಯ ತೇವ: ಮಳೆಗಾಲದ ಬೆಚ್ಚನೆಯ ಆರ್ದ್ರ ಗಾಳಿ ತಣ್ಣನೆಯ ನೆಲಕ್ಕೆ ತಾಗಿದಾಗ ಹನಿಗಟ್ಟುತ್ತದೆ. ‘ನೆಲ ಬೆವರುತ್ತಿದೆ’ ಎನ್ನುವುದು ಇದನ್ನೇ. ಆಗ ಕಿಟಕಿ ತೆರೆದಿಟ್ಟರೆ ತೇವ ಇನ್ನೂ ಹೆಚ್ಚಬಹುದು.

3. ಒತ್ತಡದಿಂದ ನುಗ್ಗುವ ನೀರು: ಹೊರಗಿನ ಮಣ್ಣಿನಲ್ಲಿ ನೀರಿನ ಮಟ್ಟ ಏರಿದಾಗ ಬಿರುಕುಗಳಿಂದ ನೀರು ಒಸರುತ್ತದೆ. ಇದಕ್ಕೆ ಯಾವ ನೆಲಹಾಸೂ ಉತ್ತರವಲ್ಲ. ಮೊದಲು ಹೊರಗಿನ ಚರಂಡಿ, ಇಳಿಜಾರು, ಛಾವಣಿಯ ನೀರು ಬೀಳುವ ಜಾಗ ಇವುಗಳನ್ನು ಸರಿಪಡಿಸಬೇಕು.

ಪತ್ತೆ ಹಚ್ಚುವ ಸರಳ ಪರೀಕ್ಷೆ

ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ನೆಲದ ಮೇಲಿಟ್ಟು, ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಕೆಳಗೆ ಹನಿ ಕಂಡರೆ ತೇವ ನೆಲದಡಿಯದು. ಮೇಲೆ ಕಂಡರೆ ಗಾಳಿಯದು. ಬೇಸಿಗೆಯಲ್ಲಿ ಒಣಗಿರುವ ನೆಲ ಮಳೆಗಾಲದಲ್ಲಿ ಒದ್ದೆಯಾಗಬಹುದು. ಹಾಗಾಗಿ ಮಳೆಗಾಲದಲ್ಲೂ ಪರೀಕ್ಷೆ ಮಾಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಆಯ್ಕೆ

ಮರ ಮತ್ತು ಲ್ಯಾಮಿನೇಟ್ ತೇವ ಹೀರಿ ಉಬ್ಬುತ್ತವೆ. ಕಾರ್ಪೆಟ್ ತೇವವನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈ ಮೂರನ್ನೂ ಬಿಡುವುದು ಲೇಸು. ವಿನೈಲ್ ಹಾಳೆಗೆ ನೀರಿನಿಂದ ಹಾನಿಯಿಲ್ಲ. ಆದರೆ ಅಡಿಯಿಂದ ತೇವ ಏರುತ್ತಿದ್ದರೆ ಅದು ಹಾಳೆಯ ಕೆಳಗೆ ಸಿಕ್ಕಿಬಿದ್ದು, ಅಂಟು ಬಿಟ್ಟು, ವಾಸನೆ ಬರುತ್ತದೆ. ಎಪಾಕ್ಸಿ ಬಣ್ಣವೂ ಇದೇ ಕಾರಣಕ್ಕೆ ಗುಳ್ಳೆಯೇಳುತ್ತದೆ. ರೆಡ್ ಆಕ್ಸೈಡ್ ನೆಲ ತಡೆದುಕೊಂಡರೂ ಬಿಳಿ ಉಪ್ಪಿನ ಕಲೆ ಮೂಡಬಹುದು.

ಗಾರೆಯ ಮೇಲೆ ಕೂರಿಸಿದ ಗ್ರಾನೈಟ್, ಶಹಾಬಾದ್ ಕಲ್ಲು ಅಥವಾ ವಿಟ್ರಿಫೈಡ್ ಟೈಲ್ ಹೆಚ್ಚು ಸುರಕ್ಷಿತ. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ನೆಲ ಬೆವರುವ ಕೊಠಡಿಗೆ ಹೊಳಪಿನ ಟೈಲ್ ಬೇಡ, ಮಕ್ಕಳು ಜಾರುತ್ತಾರೆ. ಒರಟು ಮೇಲ್ಮೈಯದು ಇರಲಿ.

ಆದರೂ ಟೈಲ್‌ನ ಸಂದುಗಳಿಂದ ತೇವ ಮೇಲೇಳಬಹುದು. ಅದನ್ನು ನಿಜವಾಗಿ ತಡೆಯುವುದು ಅಡಿಯ ಪದರಗಳು: ಪುಡಿಯಿಲ್ಲದ ದಪ್ಪ ಜಲ್ಲಿ, ಅದರ ಮೇಲೆ ಅಂಚಿಗೆ ಅಂಚು ಮೇಲೇರಿಸಿ ಹಾಸಿದ ದಪ್ಪ ಪಾಲಿಥೀನ್ ಹಾಳೆ, ನಂತರ ಕಾಂಕ್ರೀಟು. ಜಲ್ಲಿಯ ನಡುವಿನ ಸಂದುಗಳು ದೊಡ್ಡವಾದ್ದರಿಂದ ಅಲ್ಲಿ ಲೋಮನಾಳ ಕ್ರಿಯೆ ಕಡಿದುಹೋಗುತ್ತದೆ. ಹಳೆಯ ನೆಲದ ಮೇಲೆಯೇ ಹೊಸ ಪದರ ಹಾಕುವುದಾದರೆ ನೆಲದ ಮಟ್ಟ ಏರುತ್ತದೆ. ಬಾಗಿಲು, ಮೆಟ್ಟಿಲುಗಳ ಎತ್ತರವನ್ನು ಮೊದಲೇ ಅಳೆಯಬೇಕು.

ತರಗತಿಯಲ್ಲಿ

ಒಣಗಿದ ಮೂರು ಇಟ್ಟಿಗೆಗಳನ್ನು ತೂಗಿ, ನೀರಿರುವ ಮೂರು ತಟ್ಟೆಗಳಲ್ಲಿ ಇಡಿಸಿ: ಒಂದು ಒದ್ದೆ ಮರಳಿನ ಮೇಲೆ, ಇನ್ನೊಂದು ನೀರಿನ ಮಟ್ಟಕ್ಕಿಂತ ಎತ್ತರದ ಜಲ್ಲಿಯ ಮೇಲೆ, ಮತ್ತೊಂದು ಒದ್ದೆ ಮರಳಿನ ಮೇಲೆ ಪ್ಲಾಸ್ಟಿಕ್ ಹಾಸಿ. ಫಲಿತಾಂಶವನ್ನು ವಿದ್ಯಾರ್ಥಿಗಳು ಮೊದಲೇ ಊಹಿಸಿ ಬರೆಯಲಿ. ಮರುದಿನ ತೂಗಿ ಹೋಲಿಸಲಿ. ಪ್ರಶಿಕ್ಷಣಾರ್ಥಿಗಳು ಇಲ್ಲಿ ಉತ್ತರ ಹೇಳಿಬಿಡುವ ಆತುರ ತೋರಬಾರದು.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ‘ಪ್ಲಾಸ್ಟಿಕ್ ಹಾಳೆಯ ಎರಡೂ ಬದಿ ಹನಿಗಳಿವೆ. ಮೊದಲು ಏನು ಮಾಡುವಿರಿ, ಏಕೆ?’ ಟೈಲಿನ ಹೆಸರಷ್ಟನ್ನೇ ಬರೆದವರಿಗಿಂತ, ಕಾರಣದಿಂದ ಉಪಾಯಕ್ಕೆ ಬಂದವರಿಗೆ ಹೆಚ್ಚು ಅಂಕ ಸಲ್ಲಬೇಕು.