ಕತಕವೂ ಜಲಪ್ರಸಾದನವೂ

ಕತಕದ ದೃಷ್ಟಾಂತವು ಸಂಸ್ಕೃತ ಗ್ರಂಥಗಳನ್ನು ಪಾಠ ಹೇಳುವವರಿಗೆ ಸುಪರಿಚಿತವಾದುದು. ಕತಕವೆಂದು ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯ 6ನೆಯ ಅಧ್ಯಾಯವು ಹೇಳುತ್ತದೆ. ಕತಕದ ಪುಡಿಯು ನೀರನ್ನು ತಿಳಿಮಾಡಿ ತಾನೂ ಇಲ್ಲವಾಗುವಂತೆ, ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಲಯಿಸುವುದೆಂಬುದು ಶಂಕರಾಚಾರ್ಯರ ಹೆಸರಿನಲ್ಲಿರುವ ಆತ್ಮಬೋಧದ ಮಾತು. ಸುಶ್ರುತಸಂಹಿತೆಯು ಜಲಪ್ರಸಾದನದ ಸಾಧನಗಳಲ್ಲಿ ಇದನ್ನೂ ಎಣಿಸಿದೆ. ಕನ್ನಡದಲ್ಲಿ ಇದು ಚಿಲ್ಲದ ಬೀಜ. ಮಡಕೆಯ ಒಳಮೈಗೆ ಈ ಬೀಜವನ್ನು ತೇಯ್ದು, ಬಗ್ಗಡದ ನೀರನ್ನು ಹೊಯ್ದಿಡುವ ಪದ್ಧತಿಯನ್ನು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗನು ಬರೆದಿಟ್ಟಿದ್ದಾನೆ. ಇದು ನಡೆಯುವ ಬಗೆ ಹೇಗೆ?

ಮಳೆಗಾಲದಲ್ಲಿ ಹೊನ್ನಾಳಿಯ ಬಳಿ ತುಂಗಭದ್ರೆಯ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಬೇಗನೆ ತಳಕ್ಕಿಳಿಯುವುದು. ಸೂಕ್ಷ್ಮವಾದ ಜೇಡಿಯ ಕಣಗಳು ಮಾತ್ರ ಬಹುಕಾಲ ತೇಲುತ್ತಿರುವುವು. ಅವೆಲ್ಲವೂ ಋಣವಿದ್ಯುದಂಶವುಳ್ಳವಾಗಿ ಒಂದನ್ನೊಂದು ದೂಡುವುದೇ ಇದಕ್ಕೆ ಕಾರಣ. ಪಟಿಕವು ಆ ವಿದ್ಯುದಂಶವನ್ನು ತಗ್ಗಿಸಿ, ಕಣಗಳು ಕೂಡಿಕೊಳ್ಳುವಂತೆ ಮಾಡುತ್ತದೆ. ನೀರಿನಲ್ಲಿ ಕರಗುವ ಪಾಲಿಮರಿನ ಕೆಲಸವು ಬೇರೊಂದು ಬಗೆಯದು. ಸರಪಣಿಯಂತೆ ಉದ್ದವಾದ ಅದರ ಒಂದೇ ಅಣುವು ಹಲವು ಕಣಗಳಿಗೆ ಅಂಟಿ, ಅವುಗಳ ನಡುವೆ ಸೇತುವೆಯಾಗಿ, ಎಲ್ಲವನ್ನೂ ಗಂಟುಕಟ್ಟಿ ಕೆಳಗಿಳಿಸುತ್ತದೆ. ಚಿಲ್ಲದ ಬೀಜದಲ್ಲಿರುವ ಗ್ಯಾಲಕ್ಟೋಮನ್ನಾನ್ ಎಂಬ ಬಹುಶರ್ಕರವು ಇಂಥದೇ ಪಾಲಿಮರು. ನುಗ್ಗೆಯ ಬೀಜದಲ್ಲಿ ಧನವಿದ್ಯುದಂಶವುಳ್ಳ ಪ್ರೋಟೀನು ಇದನ್ನು ನೆರವೇರಿಸುವುದು. ಈಗಿನ ಜಲಾಗಾರಗಳಲ್ಲಿ ಪಟಿಕಕ್ಕೆ ನೆರವಾಗಿ ಪಾಲಿಅಕ್ರಿಲಮೈಡನ್ನು ಬಳಸುವುದುಂಟು. ಪ್ರಮಾಣವು ಮೀರಿದರೆ ಕಣಗಳ ಮೈಯೆಲ್ಲ ಪಾಲಿಮರಿನಿಂದ ಮುಚ್ಚಿ, ಅವು ಮತ್ತೆ ಬಿಡಿಬಿಡಿಯಾಗಿ ತೇಲುವುವು. ಅದರಲ್ಲಿ ಉಳಿದಿರಬಹುದಾದ ಅಕ್ರಿಲಮೈಡು ವಿಷಪದಾರ್ಥವಾದುದರಿಂದ, ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ.

ಹೀಗಿರಲಾಗಿ ಆತ್ಮಬೋಧದ ದೃಷ್ಟಾಂತದಲ್ಲಿ ‘ಇಲ್ಲವಾಗುವುದು’ ಎಂಬುದನ್ನು ಕಣ್ಣಿಗೆ ಮರೆಯಾಗುವುದು ಎಂದೇ ತಿಳಿಯತಕ್ಕದ್ದು. ಪುಡಿಯು ನಾಶವಾಗುವುದಿಲ್ಲ, ಕೆಸರಿನೊಡನೆ ತಳದಲ್ಲಿರುತ್ತದೆ, ಹೆಚ್ಚಾದ ಭಾಗವು ನೀರಿನಲ್ಲಿಯೇ ಉಳಿಯುತ್ತದೆ. ವೇದಾಂತಕ್ಕೆ ಇದರಿಂದ ಬಾಧೆಯಿಲ್ಲ. ಕುಡಿಯುವವನಿಗೆ ಮಾತ್ರ ಉಂಟು. ಪ್ರಸಾದವೆಂದರೆ ತಿಳಿತನವೇ ಹೊರತು ಶುದ್ಧಿಯಲ್ಲ. ಪ್ರಸಾದಗುಣವುಳ್ಳ ಪದ್ಯವೆಲ್ಲವೂ ಸತ್ಕಾವ್ಯವಲ್ಲವಷ್ಟೆ!

ಈ ಭೇದವು ದಾವಣಗೆರೆ ಜಿಲ್ಲೆಯಲ್ಲಿಯೇ ಸ್ಪಷ್ಟವಾಗಿ ಕಾಣುವುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರಿಗೂ, ಹೊನ್ನಾಳಿ ಮತ್ತು ಹಿಂದೆ ಅದಕ್ಕೆ ಸೇರಿದ್ದ ನ್ಯಾಮತಿಯ ಕಡೆಯ ಹೊಳೆಯ ನೀರಿಗೂ ಬರುವ ಬಗ್ಗಡವನ್ನು ಪಟಿಕ, ಪಾಲಿಮರುಗಳು ಕಳೆಯಬಲ್ಲವು. ಬಳಿಕ ಕ್ರಿಮಿನಾಶಕ್ಕೆ ಕ್ಲೋರಿನ್ ಬೇಕು. ಮಳೆ ಕಡಮೆಯಾದ ಜಗಳೂರಿನಲ್ಲಿ ಸ್ಥಿತಿಯು ವಿಪರೀತವಾದುದು. ಅಲ್ಲಿಯ ಆಳವಾದ ಕೊಳವೆಬಾವಿಗಳ ನೀರು ನೋಡಲು ತಿಳಿಯೇ. ಆದರೆ ಹಲವೆಡೆ ಅದರಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ, ಎಂಬುದು ಭಾರತೀಯ ಮಾನಕ. ಮೀರಿದರೆ ಹಲ್ಲುಗಳಲ್ಲಿ ಕಲೆ, ಮುಂದೆ ಮೂಳೆಗಳಲ್ಲಿ ಬಿಗಿತ. ಕತಕವನ್ನು ಎಷ್ಟು ತೇಯ್ದರೂ ಕೂಡಿಸಲು ಅಲ್ಲಿ ಕಣಗಳೇ ಇಲ್ಲ. ಕರಗಿದ ಲೋಹದ ಅಯಾನುಗಳನ್ನು ತಕ್ಕ ಪಾಲಿಮರಿಗೆ ಅಂಟಿಸಿ, ಸೂಕ್ಷ್ಮವಾದ ಪೊರೆಯಲ್ಲಿ ಸೋಸಿ ತೆಗೆಯುವ ವಿಧಾನವುಂಟು. ಫ್ಲೋರೈಡಿಗೆ ಭಾರತದಲ್ಲಿ ರೂಢಿಗೆ ಬಂದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣಗಳನ್ನೇ ಹಾಕುವರು. ಅದಕ್ಕೆ ಬೇಕಾಗುವ ಪಟಿಕವು ಬಗ್ಗಡ ಕಳೆಯಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳಿಗೆ ನೀರೆತ್ತುವ ಯೋಜನೆಯ ನೀರು ಬಗ್ಗಡವಾಗಿದ್ದರೂ, ಅದನ್ನು ತಿಳಿಮಾಡುವುದು ಈ ತಿಳಿನೀರನ್ನು ಶುದ್ಧಮಾಡುವುದಕ್ಕಿಂತ ಸುಲಭ.