ಗೋಡೆ ಕಟ್ಟುವ ಮೊದಲೇ ಗೋಲು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಮಣ್ಣಿನ ಮೈದಾನವೊಂದರಲ್ಲಿ ಈಚೆಗೆ ಒಂದು ಸಂಜೆ ಜೋರು ತಕರಾರು. ಫ್ರೀ ಕಿಕ್ ಸಿಕ್ಕಿತ್ತು. ಎದುರಿನವರು ಗೋಡೆ ಕಟ್ಟಿ ನಿಲ್ಲಲು ತಳ್ಳಾಡುತ್ತಿದ್ದರು. ಗೋಲ್‌ಕೀಪರ್ ಹುಡುಗ ಕಂಬವೆಂದು ನೆಟ್ಟ ಬಿದಿರು ಹಿಡಿದುಕೊಂಡು ಅವರಿಗೆ ಕೈಸನ್ನೆ ಮಾಡುತ್ತಿದ್ದ. ಅಷ್ಟರಲ್ಲಿ ನೀಲಿ ಅಂಗಿಯ 11ನೇ ನಂಬರಿನವನು ಚೆಂಡನ್ನು ಮೆಲ್ಲಗೆ ಎತ್ತಿ ಒಳಗೆ ಕಳಿಸಿಬಿಟ್ಟ.

“ಸೀಟಿ ಊದಿಲ್ಲಲೇ, ಗೋಲ್ ಇಲ್ಲ!”

“ರೆಫ್ರಿನ ಕೇಳೇ ಹೊಡದೀನಿ. ಚೆಟ್ರಿ ಹೊಡದಿದ್ದು ನೋಡಿಲ್ಲೇನು?”

ಅವನು ಹೇಳಿದ್ದು 2023ರ ಮಾರ್ಚ್ 3ರ ಗೋಲಿನ ಮಾತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿಗೆ ಎದುರಾಳಿ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಆಟದ 96ನೇ ನಿಮಿಷದವರೆಗೂ ಗೋಲಿಲ್ಲ. ಕೇರಳದ ಕೀಪರ್ ಇನ್ನೂ ಗೋಡೆ ಸರಿಪಡಿಸುತ್ತಿದ್ದಾಗಲೇ ಸುನಿಲ್ ಚೆಟ್ರಿ ಒದ್ದ ಚೆಂಡು ನೆಟ್ ಸೇರಿತ್ತು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿಗೆದ್ದು ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಅವರಿಗೆ 10 ಪಂದ್ಯಗಳ ನಿಷೇಧ, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ.

ಅದನ್ನು ಮೋಸ ಎನ್ನುವವರು ಈಗಲೂ ಇದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ಎದುರಾಳಿ 9.15 ಮೀಟರ್ ದೂರ ನಿಲ್ಲಬೇಕೆಂಬುದು ಫ್ರೀ ಕಿಕ್ ಹೊಡೆಯುವವನಿಗಾಗಿ ಮಾಡಿದ ನಿಯಮ. ಆ ದೂರ ತನಗೆ ಬೇಡವೆಂದರೆ ಅವನು ಸೀಟಿಗೆ ಕಾಯದೆ ಹೊಡೆಯಬಹುದು. ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಚೆಟ್ರಿ ಆಮೇಲೆ ಹೇಳಿದರು. ಆಗ ಅವರಿಗೆ 38 ವರ್ಷ. ಆ ವಯಸ್ಸಿನಲ್ಲಿ, ಹೆಚ್ಚುವರಿ ಆಟದ ಒತ್ತಡದಲ್ಲೂ ತಲೆ ಅಷ್ಟು ಚುರುಕಾಗಿ ಓಡಿತಲ್ಲ, ಬೆರಗು ಅದೇ.

ಸಿಕಂದರಾಬಾದಿನಲ್ಲಿ 1984ರಲ್ಲಿ ಹುಟ್ಟಿದ ಚೆಟ್ರಿಯ ತಂದೆ ಸೇನೆಯವರು, ತಾಯಿ ನೇಪಾಳ ತಂಡದಲ್ಲಿ ಆಡಿದವರು. 2002ರಲ್ಲಿ ಮೋಹನ್ ಬಾಗಾನ್, 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಭಾರತಕ್ಕೆ ಮೊದಲ ಗೋಲು, ಆಮೇಲೆ ಅಮೆರಿಕ ಮತ್ತು ಪೋರ್ಚುಗಲ್‌ನಲ್ಲಿ ಕೆಲಕಾಲ. 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ವರ್ಷವೇ ಐ–ಲೀಗ್ ಪಟ್ಟ.

ಬಳ್ಳಾರಿಯ ನಂಟು ಇಲ್ಲಿಂದ ಶುರುವಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿಗಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಈ ಕ್ಲಬ್ಬಿನ ವಸತಿ ಅಕಾಡೆಮಿ ಇದೆ. ಋತು ಆರಂಭಕ್ಕೆ ಮುನ್ನ ಹಿರಿಯರ ತಂಡವೂ ಅಲ್ಲಿ ಬೆವರು ಹರಿಸಿದೆ. ಬಳ್ಳಾರಿ ಬಿಸಿಲಿನಲ್ಲಿ ಪಳಗಿದವರಿಗೆ ಕಂಠೀರವದ ಸಂಜೆ ತಂಪೇ ಸರಿ. ಆದರೂ ಕುರುಗೋಡಿನ ಗುಡ್ಡದ ಬುಡದಲ್ಲಾಗಲಿ, ಬಳ್ಳಾರಿಯ ಓಣಿಗಳಲ್ಲಾಗಲಿ ಕ್ರಿಕೆಟ್‌ನದೇ ದರ್ಬಾರು. ಅಷ್ಟು ಹತ್ತಿರದ ಅಕಾಡೆಮಿ ಈ ಊರುಗಳ ಹುಡುಗರಿಗೆ ಇನ್ನಷ್ಟು ಹತ್ತಿರವಾಗಬೇಕು.

ಚೆಟ್ರಿ ಜನರನ್ನು ಫುಟ್‌ಬಾಲ್ ಮೈದಾನಕ್ಕೆ ಕರೆದು ತಂದವರು. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದ ದಿನ ಗ್ಯಾಲರಿ ಬಹುಪಾಲು ಖಾಲಿಯಿತ್ತು. ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಎಂದು ವಿಡಿಯೊದಲ್ಲಿ ಕೇಳಿಕೊಂಡರು. ಕೆನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖರ್ಚು. ಅವರ 100ನೇ ಅಂತರರಾಷ್ಟ್ರೀಯ ಪಂದ್ಯವಾಗಿದ್ದ ಅದರಲ್ಲಿ ಸುರಿಮಳೆಯ ನಡುವೆ ಎರಡು ಗೋಲು ಹೊಡೆದರು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಭಾರತ ತಂಡಕ್ಕೆ ವಿದಾಯ ಹೇಳುವಾಗ 151 ಪಂದ್ಯ, 94 ಗೋಲು. ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಮರಳಿ ಮಾಲ್ದೀವ್ಸ್ ವಿರುದ್ಧ 95ನೆಯದು. ಈ ಎರಡರ ನಡುವೆ, 2024ರ ಡಿಸೆಂಬರ್ 7ರಂದು, ಅದೇ ಕಂಠೀರವದಲ್ಲಿ ಅದೇ ಕೇರಳದ ಎದುರು 40ರ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಬೆಂಗಳೂರು 4–2ರಿಂದ ಗೆದ್ದಿತು. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಾದ ಬೇರೆ ಯಾರೂ ಅಲ್ಲಿಯವರೆಗೆ ಹ್ಯಾಟ್ರಿಕ್ ಹೊಡೆದಿರಲಿಲ್ಲ.